ವೈರಸ್ ಹೊಕ್ಕ ಕಂಪ್ಯೂಟರಿಗೆ ದೂರದಿಂದ ಕನೆಕ್ಟ್ ಆದರೆ ನನ್ನ ಲ್ಯಾಪ್‌ಟಾಪಿಗೂ ಬರುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗದಲ್ಲಿ ಅಣ್ಣನ ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ವೈರಸ್ ಬಂದಿದೆ, ಬೆಂಗಳೂರಿನಲ್ಲಿ ಕೂತು ಎನಿಡೆಸ್ಕ್ ಇಲ್ಲವೇ ವಿಂಡೋಸ್‌ನದೇ ಆದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರಿಮಾಡಲು ಹೋದರೆ ನಿಮ್ಮ ಲ್ಯಾಪ್‌ಟಾಪಿಗೂ ಹತ್ತೀತೇ?

ಬರೀ ಪರದೆ ನೋಡಿದ್ದಕ್ಕೆ ಸಾಮಾನ್ಯವಾಗಿ ಹತ್ತುವುದಿಲ್ಲ. ಅಲ್ಲಿಂದ ನಿಮಗೆ ಬರುವುದು ಚಿತ್ರ, ಇಲ್ಲಿಂದ ಹೋಗುವುದು ಕೀಬೋರ್ಡ್ ಮತ್ತು ಮೌಸ್‌ನ ಸಂಕೇತ. ಆದರೆ ಅದೇ ಸಂಪರ್ಕದೊಳಗೆ ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದು ಪೇಸ್ಟ್ ಆಗುವವರೆಗೆ ತಂಗುವ ಜಾಗ), ಡ್ರೈವ್, ಪ್ರಿಂಟರ್, ಫೈಲ್ ವರ್ಗಾವಣೆ ಎಂಬ ಬೇರೆ ದಾರಿಗಳೂ ಇರುತ್ತವೆ. ಅಪಾಯ ಹೆಚ್ಚಾಗಿ ಅಲ್ಲಿಯೇ.

ಮೊದಲು ಅಣ್ಣನಿಗೆ ಫೋನ್ ಮಾಡಿ ಒಂದು ಮಾತು ಕೇಳಿ. ಫೈಲುಗಳ ಹೆಸರಿನ ಕೊನೆ ಬದಲಾಗಿದೆಯೇ, ದುಡ್ಡು ಕೇಳುವ ಚೀಟಿ ಪರದೆಯ ಮೇಲೆ ಬಂದಿದೆಯೇ? ಹೌದೆಂದರೆ ಅದು ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಕನೆಕ್ಟ್ ಆಗುವ ಮಾತೇ ಬೇಡ. ನೆಟ್ ಕೇಬಲ್ ಕೀಳಿಸಿ, ವೈಫೈ ಆರಿಸಿ, ಬ್ಯಾಕಪ್ ಇರುವ ಪೆನ್‌ಡ್ರೈವನ್ನೋ ಹಾರ್ಡ್‌ಡಿಸ್ಕನ್ನೋ ಅದಕ್ಕೆ ಚುಚ್ಚಬೇಡ ಎಂದು ಹೇಳಿ. ಮುಂದಿನ ಕೆಲಸ ಅಲ್ಲಿಗೇ ಹೋಗಿ ಮಾಡುವಂಥದ್ದು.

ಅದಲ್ಲವಾದರೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಶುರು ಮಾಡೋಣ. ಕನೆಕ್ಟ್ ಒತ್ತುವ ಮುನ್ನ 'ಶೋ ಆಪ್ಷನ್ಸ್' ತೆರೆದು 'ಲೋಕಲ್ ರಿಸೋರ್ಸಸ್' ಟ್ಯಾಬಿಗೆ ಹೋಗಿ. ಪ್ರಿಂಟರ್ ಮತ್ತು ಕ್ಲಿಪ್‌ಬೋರ್ಡ್ ಎರಡರ ಟಿಕ್ ತೆಗೆಯಿರಿ. ಅಲ್ಲೇ 'ಮೋರ್' ಒತ್ತಿದರೆ ಡ್ರೈವ್, ಸ್ಮಾರ್ಟ್ ಕಾರ್ಡ್ ಇತ್ಯಾದಿ ಕಾಣುತ್ತವೆ, ಅವನ್ನೂ ತೆಗೆಯಿರಿ. ಡ್ರೈವ್ ಹಂಚಿಕೊಂಡರೆ ನಿಮ್ಮ ಸಿ ಡ್ರೈವ್ ಆ ಕಂಪ್ಯೂಟರಿನಲ್ಲಿ ಇನ್ನೊಂದು ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಸೆಷನ್ನಿನಲ್ಲಿ ಓಡುವ ವೈರಸ್ಸು ಅದನ್ನು ಓದಬಹುದು, ಅದರಲ್ಲಿ ಬರೆಯಬಹುದು, ಹಾಳೂ ಮಾಡಬಹುದು. ನೀವೇ ಬಾಗಿಲು ತೆಗೆದುಕೊಟ್ಟಂತೆ.

ಕ್ಲಿಪ್‌ಬೋರ್ಡನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಅಲ್ಲಿಯೇ. ಸೆಷನ್ ತೆರೆದಿರುವಾಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಕಾಪಿ ಮಾಡಿದರೆ ಆಚೆ ಕಡೆಯ ವೈರಸ್ಸು ಅದನ್ನು ಓದಬಲ್ಲದು. ಆಚೆಯಿಂದ ಈಚೆಗೂ ತೊಂದರೆ ಬಂದದ್ದುಂಟು. ಸೋಂಕಿತ ಕಂಪ್ಯೂಟರಿನಿಂದ ಕಾಪಿ ಮಾಡಿದ್ದನ್ನು ಈಚೆ ಪೇಸ್ಟ್ ಮಾಡಿದಾಗ, ನೀವು ಬಯಸದ ಫೋಲ್ಡರಿಗೆ, ಉದಾಹರಣೆಗೆ ಲಾಗಿನ್ ಆದೊಡನೆ ತಾನಾಗಿ ಓಡುವ ಪ್ರೋಗ್ರಾಮುಗಳಿರುವ ಸ್ಟಾರ್ಟಪ್ ಫೋಲ್ಡರಿಗೆ, ಫೈಲು ಇಳಿಸಬಹುದಾದ ದೋಷವನ್ನು 2019ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ತೋರಿಸಿದರು. ಮೈಕ್ರೋಸಾಫ್ಟ್ ಅದೇ ವರ್ಷ ಜುಲೈನಲ್ಲಿ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತು, ಅದು ಸಾಲದೆ 2020ರ ಫೆಬ್ರವರಿಯಲ್ಲಿ ಮತ್ತೊಂದು ಕೊಡಬೇಕಾಯಿತು. ಆದ್ದರಿಂದ ಕನೆಕ್ಟ್ ಆಗುವ ಮುನ್ನ ನಿಮ್ಮ ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿದಿರಲಿ.

ಅಣ್ಣನದು ವಿಂಡೋಸ್ ಹೋಮ್ ಆಗಿದ್ದರೆ ಅದಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೊರಗಿನಿಂದ ಕನೆಕ್ಟ್ ಆಗಲು ಬರುವುದಿಲ್ಲ; ಆಗ ಎನಿಡೆಸ್ಕ್, ಟೀಮ್‌ವ್ಯೂವರ್ ಗತಿ. ಹೋಮ್ ಅಲ್ಲದಿದ್ದರೂ ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಎನಿಡೆಸ್ಕ್‌ನ ಅನುಮತಿ ಪಟ್ಟಿಯಲ್ಲಿ ಕ್ಲಿಪ್‌ಬೋರ್ಡ್ ಮತ್ತು ಫೈಲ್ ವರ್ಗಾವಣೆ ಆಫ್ ಮಾಡಿ. ಎನಿಡೆಸ್ಕ್, ಟೀಮ್‌ವ್ಯೂವರ್ ಎರಡರಲ್ಲೂ ವಿಪಿಎನ್ ಸೌಲಭ್ಯವಿದೆ, ಅದನ್ನು ಮುಟ್ಟಬೇಡಿ. ವಿಪಿಎನ್ ಹಾಕಿದರೆ ಎರಡು ಕಂಪ್ಯೂಟರುಗಳೂ ಒಂದೇ ನೆಟ್‌ವರ್ಕಿನಲ್ಲಿ ಇದ್ದಂತೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು ನೆಟ್‌ವರ್ಕಿನಲ್ಲಿ 445ನೇ ಪೋರ್ಟ್ ಹುಡುಕಿಕೊಂಡು. ಯಾರೂ ಯಾವ ಫೈಲನ್ನೂ ತೆರೆಯಬೇಕಾಗಿರಲಿಲ್ಲ. ವಿಪಿಎನ್ ಬಿಟ್ಟು ಬೇರೆ ದಾರಿಯೇ ಇಲ್ಲವಾದರೆ ನಿಮ್ಮ ನೆಟ್‌ವರ್ಕನ್ನು 'ಪಬ್ಲಿಕ್' ಎಂದಿಟ್ಟು, ಫೈರ್‌ವಾಲಿನಲ್ಲಿ ಒಳಬರುವ ಸಂಪರ್ಕಗಳನ್ನೆಲ್ಲ ತಡೆಯಿರಿ.

ಆಫೀಸ್ ಲ್ಯಾಪ್‌ಟಾಪಿನಿಂದ ಈ ಕೆಲಸ ಮಾಡಲೇಬೇಡಿ. ಹಳೆಯ ಲ್ಯಾಪ್‌ಟಾಪಿದ್ದರೆ ಪೆನ್‌ಡ್ರೈವಿನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಬೂಟ್ ಮಾಡಿ ಅದರಿಂದ ಕನೆಕ್ಟ್ ಆಗುವುದು ಒಳ್ಳೆಯದು. ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ (ವಿಂಡೋಸ್‌ನೊಳಗೇ ಓಡುವ ಪ್ರತ್ಯೇಕ ತಾತ್ಕಾಲಿಕ ವಿಂಡೋಸ್) ಸಾಕು, ಮುಚ್ಚಿದೊಡನೆ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ. ಒಂದು ನೆನಪಿರಲಿ, ಸ್ಯಾಂಡ್‌ಬಾಕ್ಸ್ ತಾನಾಗಿಯೇ ನಿಮ್ಮ ಕ್ಲಿಪ್‌ಬೋರ್ಡನ್ನು ಹಂಚಿಕೊಳ್ಳುತ್ತದೆ.

ಒಳಹೊಕ್ಕ ಮೇಲೆ ನಿಮ್ಮ ಯಾವ ಪಾಸ್‌ವರ್ಡನ್ನೂ ಅಲ್ಲಿ ಟೈಪ್ ಮಾಡಬೇಡಿ. ಕೀಲಾಗರ್ ಇದ್ದರೆ ಒತ್ತಿದ ಒಂದೊಂದು ಅಕ್ಷರವೂ ದಾಖಲಾಗುತ್ತದೆ. ಜಿಮೇಲ್ ತೆರೆದು ಸಾಫ್ಟ್‌ವೇರ್ ಇಳಿಸಿಕೊಳ್ಳುವುದೂ ಬೇಡ. ಬೇಕಾದ ಟೂಲನ್ನು ಆ ಕಂಪ್ಯೂಟರಿನ ಬ್ರೌಸರಿನಲ್ಲೇ ತಯಾರಕರ ಸೈಟಿನಿಂದ ತೆಗೆದುಕೊಳ್ಳಿ. ರಿಮೋಟ್ ಡೆಸ್ಕ್‌ಟಾಪಿಗೆಂದೇ ಅಲ್ಲಿ ಒಂದು ತಾತ್ಕಾಲಿಕ ಲೋಕಲ್ ಖಾತೆ ಮಾಡಿಸಿ, ಅದರ ಪಾಸ್‌ವರ್ಡ್ ನೀವು ಬೇರೆಲ್ಲೂ ಬಳಸದ್ದಾಗಿರಲಿ.

ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಆರಂಭದಲ್ಲೇ ನೋಡಿ. ನಿಮಗಿಂತ ಮೊದಲೇ ಬೇರೊಬ್ಬರ ರಿಮೋಟ್ ಟೂಲ್ ಕೂತಿದ್ದರೆ ತೆಗೆಯಿರಿ. ಎನಿಡೆಸ್ಕ್ ಹಾಕಿಸಿ ಖಾತೆ ದೋಚುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆಮೇಲೆ ವಿಂಡೋಸ್ ಸೆಕ್ಯುರಿಟಿಯ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಶುರುವಾಗುವ ಮುನ್ನವೇ ಅದು ಓಡುವುದರಿಂದ ಅಡಗಿ ಕೂತ ವೈರಸ್ಸೂ ಸಿಗುವ ಸಾಧ್ಯತೆ ಹೆಚ್ಚು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ನಿಮ್ಮ ಸಂಪರ್ಕ ಸುಮಾರು 15 ನಿಮಿಷ ಕಡಿದುಹೋಗುತ್ತದೆ. ಗಾಬರಿಯಾಗಿ ಪವರ್ ಆಫ್ ಮಾಡಬಾರದೆಂದು ಅಣ್ಣನಿಗೆ ಮೊದಲೇ ಹೇಳಿಡಿ.

ಅಲ್ಲಿಂದ ಯಾವುದಾದರೂ ಫೈಲನ್ನು ತರಲೇಬೇಕಿದ್ದರೆ, ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡು ನೋಡಿ. ಬಿಲ್ಲಿನ ಪಿಡಿಎಫ್ ಎಂದುಕೊಂಡದ್ದು ಇಎಕ್ಸ್‌ಇ, ಅಂದರೆ ತೆರೆದೊಡನೆ ಓಡುವ ಪ್ರೋಗ್ರಾಮು, ಆಗಿರುವುದು ಅಪರೂಪವಲ್ಲ.

ಕೆಲಸ ಮುಗಿದ ಮೇಲೆ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಎದ್ದುಬಿಡಬೇಡಿ. ಹಾಗೆ ಮಾಡಿದರೆ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಅಲ್ಲಿ ಜೀವಂತವಾಗಿಯೇ ಉಳಿಯುತ್ತದೆ, ಲಾಗಿನ್ ಗುರುತುಗಳೂ ಮೆಮೊರಿಯಲ್ಲಿರುತ್ತವೆ. ಸೈನ್ ಔಟ್ ಮಾಡಿ, ಬೇರೊಂದು ಅಡ್ಮಿನ್ ಖಾತೆಯಿಂದ ತಾತ್ಕಾಲಿಕ ಖಾತೆಯನ್ನು ಅಳಿಸಿಸಿ. ಅಣ್ಣ ತನ್ನ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡುಗಳನ್ನು ಅದೇ ದಿನ ಬದಲಿಸಲಿ, ಆ ಕಂಪ್ಯೂಟರಿನಿಂದಲ್ಲ, ಫೋನಿನಿಂದ.