ಸುಟ್ಟ ಸಾಲಪತ್ರ, ಸಿಗದ ಜಮೀನು

ಹೊಸಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ಪ್ರಾಚೀನ ಸ್ಪಾರ್ಟಾದಲ್ಲಿ ಎಲ್ಲರೂ ಸಮಾನರು ಅಂತ ಓದಿದ್ದೆ. ಹಾಗಿದ್ದರೆ ರಾಜ ಏಗಿಸ್ ಸಾಲ ಮನ್ನಾ ಮಾಡಬೇಕಾಗಿ ಬಂದಿದ್ದು ಯಾಕೆ? ಮಾಡಿದ ಮೇಲೂ ಜನ ಅವನನ್ನು ಉಳಿಸಿಕೊಳ್ಳಲಿಲ್ಲ ಯಾಕೆ?"

ಎರಡನೇ ಪ್ರಶ್ನೆ ನನ್ನನ್ನೂ ತುಂಬಾ ಕಾಡಿದೆ. ಮೊದಲನೆಯದಕ್ಕೆ ಬೇಗ ಉತ್ತರಿಸಿಬಿಡುತ್ತೇನೆ. ಗ್ರೀಸಿನ ನಗರರಾಜ್ಯವಾಗಿದ್ದ ಸ್ಪಾರ್ಟಾದ ಪೌರರು ತಮ್ಮನ್ನು 'ಸಮಾನರು' ಎಂದೇ ಕರೆದುಕೊಳ್ಳುತ್ತಿದ್ದರು, ನಿಜ. ಆದರೆ ಸಾಮೂಹಿಕ ಊಟದ ಪಂಕ್ತಿಗೆ ಪ್ರತಿಯೊಬ್ಬನೂ ತಿಂಗಳು ತಿಂಗಳು ತನ್ನ ಪಾಲಿನ ಬಾರ್ಲಿ, ವೈನ್, ಚೀಸ್, ಅಂಜೂರ ಕೊಡಬೇಕಿತ್ತು. ಕೊಡಲಾಗದವನು ಪಂಕ್ತಿಯಿಂದ ಹೊರಗೆ, ಪೌರತ್ವದಿಂದಲೂ ಹೊರಗೆ. ಜಮೀನು ಕೈತಪ್ಪಿದವನು ಎಲ್ಲಿಂದ ತಂದಾನು? ಏಗಿಸ್ ಕ್ರಿ.ಪೂ. 244ರ ಸುಮಾರಿಗೆ ಪಟ್ಟಕ್ಕೆ ಬಂದ. ಆಗ ಉಳಿದಿದ್ದ ಸ್ಪಾರ್ಟನ್ನರು 700ಕ್ಕಿಂತ ಜಾಸ್ತಿ ಇರಲಿಲ್ಲ, ಅವರಲ್ಲಿ ಜಮೀನಿದ್ದವರು ಸುಮಾರು 100 ಜನ ಎಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ.

ಹುಡುಗ ರಾಜ ಏಗಿಸ್ ಎರಡು ಕೆಲಸ ಮಾಡಹೊರಟ. ಸಾಲವೆಲ್ಲ ರದ್ದು ಮಾಡುವುದು, ಜಮೀನನ್ನು ಹೊಸದಾಗಿ ಹಂಚುವುದು. ಸ್ಪಾರ್ಟನ್ನರಿಗೆ 4,500 ಪಾಲು, ಸುತ್ತಲಿನ ಊರಿನವರಿಗೆ 15,000 ಪಾಲು. ಮೊದಲು ನನ್ನ ಆಸ್ತಿ ತಗೊಳ್ಳಿ ಎಂದ. ಭಾರೀ ಶ್ರೀಮಂತರಾಗಿದ್ದ ತಾಯಿ, ಅಜ್ಜಿಯನ್ನೂ ಒಪ್ಪಿಸಿದ. ಆ ಹೊಲಗಳಲ್ಲಿ ಬೆವರು ಸುರಿಸುತ್ತಿದ್ದ ಹೆಲಟ್‌ ಜೀತದಾಳುಗಳಿಗೆ ಮಾತ್ರ ಇದರಲ್ಲಿ ಏನೂ ಇರಲಿಲ್ಲ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಎಡವಟ್ಟಾಗಿದ್ದು ಮನೆಯೊಳಗೇ. ಸೋದರಮಾವ ಅಗೆಸಿಲಾಸ್‌ಗೆ ಬೇಕಾದಷ್ಟು ಜಮೀನಿತ್ತು, ಕುತ್ತಿಗೆವರೆಗೆ ಸಾಲವೂ ಇತ್ತು. ಎರಡೂ ಒಟ್ಟಿಗೆ ಬೇಡ, ಮೊದಲು ಸಾಲ ಮುಗಿಸೋಣ, ಜಮೀನು ಆಮೇಲೆ ನೋಡೋಣ ಎಂದು ಅಳಿಯನ ತಲೆಗೆ ತುಂಬಿದ. ಸಾಲಪತ್ರಗಳನ್ನೆಲ್ಲ ಊರಚೌಕಕ್ಕೆ ತರಿಸಿ, ರಾಶಿ ಹಾಕಿ, ಬೆಂಕಿ ಇಟ್ಟರು. ಸಾಲ ಕೊಟ್ಟವರು ತಲೆ ತಗ್ಗಿಸಿ ಹೊರಟುಹೋದರು. ಇಷ್ಟು ಶುಭ್ರವಾದ ಬೆಂಕಿಯನ್ನು ನಾನು ಕಂಡೇ ಇಲ್ಲ ಎಂದು ಅಗೆಸಿಲಾಸ್ ಹಿಗ್ಗಿದನಂತೆ. ಹಿಗ್ಗದೆ ಏನು! ಅವನ ಸಾಲ ಬೂದಿಯಾಗಿತ್ತು, ಜಮೀನು ಹಾಗೇ ಇತ್ತು.

ಆಮೇಲೆ ಹಂಚಿಕೆಗೆ ಒಂದಲ್ಲ ಒಂದು ನೆಪ. ಏಗಿಸ್ ಸೈನ್ಯದ ಜೊತೆ ಹೊರಗೆ ಹೋದಾಗ ಅಧಿಕಾರವೆಲ್ಲ ಮಾವನ ಕೈಯಲ್ಲಿ. ಅವನು ವರ್ಷಕ್ಕೆ 13ನೇ ತಿಂಗಳೊಂದನ್ನು ಸೇರಿಸಿ ಅದಕ್ಕೂ ಕರ ವಸೂಲಿ ಮಾಡಿದ.

ಹಾಗಾಗಿ ಜನರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಬಡವನ ಸಾಲಪತ್ರವೂ ಸುಟ್ಟಿತು, ಸರಿ. ಆದರೆ ಹೊಲವಿಲ್ಲದೆ ಅವನು ಪಂಕ್ತಿಗೆ ಮರಳುವುದು ಹೇಗೆ? ಸ್ಪಾರ್ಟಾಕ್ಕೆ ಒಂದೇ ಕಾಲಕ್ಕೆ ಇಬ್ಬರು ರಾಜರು; ದೇಶಭ್ರಷ್ಟನಾಗಿದ್ದ ಇನ್ನೊಬ್ಬ ರಾಜ ಲಿಯೋನಿಡಾಸ್‌ನನ್ನು ವಿರೋಧಿಗಳು ವಾಪಸ್ ಕರೆತಂದಾಗ ಜನ ಸುಮ್ಮನೆ ನೋಡುತ್ತಾ ನಿಂತರು. ದೇವಸ್ಥಾನದಲ್ಲಿ ಆಶ್ರಯ ಪಡೆದಿದ್ದ ಏಗಿಸ್ ಸ್ನಾನಕ್ಕೆ ಹೋಗಿ ಬರುವಾಗ ಅವನ ಗೆಳೆಯರೇ ಹಿಡಿದುಕೊಟ್ಟರು. ಕ್ರಿ.ಪೂ. 241ರಲ್ಲಿ ಸೆರೆಮನೆಯಲ್ಲಿ ಕುತ್ತಿಗೆ ಬಿಗಿದು ಕೊಂದರು. ಅಜ್ಜಿ, ತಾಯಿಯನ್ನೂ ಅಲ್ಲೇ ಕೊಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಏಗಿಸ್‌ನ ವಿಧವೆ ಅಗಿಯಾಟಿಸ್‌ಳನ್ನು ಲಿಯೋನಿಡಾಸ್ ಬಲವಂತದಿಂದ ತನ್ನ ಮಗ ಕ್ಲಿಯೋಮಿನಿಸ್‌ಗೆ ಮದುವೆ ಮಾಡಿದ. ಏಗಿಸ್ ಏನು ಮಾಡಹೊರಟಿದ್ದ ಎಂದು ಕ್ಲಿಯೋಮಿನಿಸ್ ಅವಳನ್ನು ಮತ್ತೆ ಮತ್ತೆ ಕೇಳುತ್ತಿದ್ದನಂತೆ. ಅವಳು ಹೇಳುತ್ತಿದ್ದಳು. ಮುಂದೆ ರಾಜನಾಗಿ, ಕ್ರಿ.ಪೂ. 227ರಲ್ಲಿ, ಅವನು ಸಾಲ ಮನ್ನಾ ಮತ್ತು ಜಮೀನು ಹಂಚಿಕೆ ಎರಡನ್ನೂ ಒಟ್ಟಿಗೇ ಕೈಗೆತ್ತಿಕೊಂಡ.