ಗೇರ್‌ಬಾಕ್ಸ್ ಆಯಿಲ್, ಘಾಟಿ ರಸ್ತೆ, ರೀಮ್ಯಾಪ್ ಹುಚ್ಚು: ಓದುಗರ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ

ಆಟೋಮ್ಯಾಟಿಕ್ ಕಾರಿನ ಬಗ್ಗೆ ಬರೆಯಿರಿ ಎಂದಿದ್ದೆ. ರಾಶಿ ಪತ್ರ ಬಂದಿವೆ. ಎಲ್ಲರೂ ಕಾರಿನ ಬಣ್ಣ ಸಹಿತ ಬರೆದಿದ್ದಾರೆ. ಆದರೆ ಯಾವ ಬಗೆಯ ಗೇರ್‌ಬಾಕ್ಸ್ ಅಂತ ಬರೆದವರು ಕಡಿಮೆ. ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್, ಬೆಲ್ಟಿನಲ್ಲಿ ಓಡುವ ಸಿವಿಟಿ, ಮ್ಯಾನುಯಲ್ ಬಾಕ್ಸನ್ನೇ ಯಂತ್ರ ನಡೆಸುವ ಎಎಂಟಿ, ಎರಡು ಕ್ಲಚ್ಚಿನ ಡಿಸಿಟಿ. ಕ್ಲಚ್ ಪೆಡಲ್ ಇಲ್ಲ ಅನ್ನುವುದು ಬಿಟ್ಟರೆ ಈ ನಾಲ್ಕಕ್ಕೂ ಒಳಗೆ ನಂಟೇ ಇಲ್ಲ. ಮುಂದಿನ ಸಲ ಬರೆಯುವವರು ಮಾಲೀಕರ ಕೈಪಿಡಿಯಲ್ಲಿ ನೋಡಿ ಅದನ್ನೂ ಬರೆಯಿರಿ. ನನ್ನ ಅರ್ಧ ಕೆಲಸ ತಪ್ಪುತ್ತದೆ.

ಪ್ರಶ್ನೆ: ನನ್ನದು ಇನ್ನೋವಾ ಕ್ರಿಸ್ಟಾ ಡೀಸೆಲ್ ಆಟೋಮ್ಯಾಟಿಕ್, 2017ರದ್ದು. 1,10,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು, ಮುಟ್ಟಬೇಡಿ ಎಂದರು ಒಬ್ಬರು. ಮೆಷಿನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಿ ಎಂದರು ಇನ್ನೊಬ್ಬರು. ಯಾರ ಮಾತು ಕೇಳಲಿ? (ಹಾಸನ)

ಉತ್ತರ: ಇಬ್ಬರದ್ದೂ ಬೇಡ. ನಿಮ್ಮದು ಆರು ಗೇರಿನ ಟಾರ್ಕ್ ಕನ್ವರ್ಟರ್ ಬಾಕ್ಸ್. ಎಂಜಿನ್‌ನ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಎಣ್ಣೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಎಣ್ಣೆ. ಬಿಸಿಯನ್ನು ಕೂಲರ್‌ಗೆ ಹೊತ್ತೊಯ್ಯುವುದೂ ಅದೇ. ಇಷ್ಟು ದುಡಿಯುವ ಎಣ್ಣೆ ಜೀವಮಾನವಿಡೀ ಹೊಸದಾಗಿಯೇ ಇರುತ್ತದೆ ಅಂದರೆ ನಾನು ನಂಬುವುದಿಲ್ಲ. ಜರ್ಮನಿಯ ಜಡ್‌ಎಫ್ ಕಂಪನಿ ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ಕಾರಿನವರು ‘ಲೈಫ್‌ಟೈಮ್ ಆಯಿಲ್’ ಎನ್ನುತ್ತಾ ಬಂದರು. ಬಾಕ್ಸ್ ಮಾಡಿದ ಜಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಎನ್ನುತ್ತದೆ. ಮಾಡಿದವನ ಮಾತಿಗೆ ಬೆಲೆ ಜಾಸ್ತಿ ಅಲ್ವಾ?

ಇನ್ನು ಫ್ಲಶ್, ಅಂದರೆ ಮೆಷಿನ್ ಹಚ್ಚಿ ಹಳೇ ಎಣ್ಣೆಯನ್ನೆಲ್ಲಾ ತಳ್ಳಿ ಹೊಸದು ತುಂಬುವುದು. ಒಮ್ಮೆಯೂ ಆಯಿಲ್ ಬದಲಾಯಿಸದ ಹಳೇ ಬಾಕ್ಸ್‌ಗೆ ಮೆಷಿನ್ ಹಚ್ಚುವುದು ನನಗೆ ಇಷ್ಟವಿಲ್ಲ. ಮೂಲೆಯಲ್ಲಿ ಸುಮ್ನೆ ಕೂತ ಕೊಳೆ ಎದ್ದು ಎಣ್ಣೆಯನ್ನು ಬೇಕಾದಲ್ಲಿಗೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಹೋಗಬಹುದು. ಇಳಿಸಿ ತುಂಬುವುದೇ ವಾಸಿ. ಕೆಳಗಿನ ಪ್ಲಗ್ ತೆಗೆದರೆ ಎಲ್ಲಾ ಎಣ್ಣೆ ಬರುವುದಿಲ್ಲ. ಬಹುಪಾಲು ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಉಳಿಯುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗ ಹೊಸದಾಯಿತು ಎಂದುಕೊಳ್ಳಿ. ನಡುವೆ ಒಂದಷ್ಟು ಓಡಿಸಿ ಮೂರು ಸಲ ಮಾಡಿದರೆ ನೂರಕ್ಕೆ ಸುಮಾರು 70 ಪಾಲು ಹೊಸ ಎಣ್ಣೆ ಬಂದಿರುತ್ತದೆ. ಅಷ್ಟು ಸಾಕು.

ಮೊದಲ ಸಲ ಸಂಪ್ (ಬಾಕ್ಸಿನ ತಳದ ಎಣ್ಣೆ ತಟ್ಟೆ) ಬಿಚ್ಚಿಸಿ, ಫಿಲ್ಟರ್ ಮತ್ತು ಗ್ಯಾಸ್ಕೆಟ್ ಬದಲಾಯಿಸಿ. ಆಗ ನೀವು ಪಕ್ಕದಲ್ಲೇ ನಿಂತಿರಿ. ಸಂಪ್ ಒಳಗೆ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಡಿ, ಸವೆತ ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಮಾತು ಬೇರೆ. ನನ್ನ ಗ್ಯಾರೇಜಿನಲ್ಲಿ ಗಿರಾಕಿಗೆ ಬಿಲ್ ಕೊಡುವ ಮೊದಲು ಆ ಮ್ಯಾಗ್ನೆಟ್ ತೋರಿಸುತ್ತೇನೆ. ತೋರಿಸಲು ಒಪ್ಪದ ಕಡೆ ಕೆಲಸ ಮಾಡಿಸಬೇಡಿ.

ಎಣ್ಣೆ ಟೊಯೋಟಾದ ‘ಡಬ್ಲ್ಯುಎಸ್’ ದರ್ಜೆಯದೇ ಆಗಬೇಕು. ಲೆವೆಲ್ ನೋಡುವುದಕ್ಕೂ ಕ್ರಮ ಇದೆ. ಕಾರು ಸಮತಟ್ಟಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಎಣ್ಣೆ ಕಂಪನಿ ಹೇಳಿದ ಉಷ್ಣಾಂಶದಲ್ಲಿರಬೇಕು. ಆಗ ಓವರ್‌ಫ್ಲೋ ಪ್ಲಗ್ ತೆಗೆದರೆ ಹೆಚ್ಚಿನದು ಹರಿದು ಹೋಗಿ, ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಮುಚ್ಚಬೇಕು. ಎಣ್ಣೆಯ ಉಷ್ಣಾಂಶ ತೋರಿಸುವ ಸ್ಕ್ಯಾನರ್ ಇಲ್ಲದೆ ‘ಅಂದಾಜಿಗೆ ಹಾಕಿದ್ದೀನಿ ಸಾರ್’ ಎನ್ನುವವರಿಂದ ದೂರ ಇರಿ. ಒಂದು ಮಾತು: ಗೇರ್ ಈಗಾಗಲೇ ಜಾರುತ್ತಿದ್ದರೆ, ಎಣ್ಣೆ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಹೊಸ ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ. ಸವೆದ ಪ್ಲೇಟು ಮತ್ತೆ ಬೆಳೆಯುವುದಿಲ್ಲ.

ಪ್ರಶ್ನೆ: ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯಬಹುದೇ? (ಚಿತ್ರದುರ್ಗ)

ಉತ್ತರ: ಬೇಡ. ಗೇರ್‌ಬಾಕ್ಸಿನ ಎಣ್ಣೆ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಬಂದ್ ಆಗಿದ್ದು ಚಕ್ರ ತಿರುಗಿದರೆ ಒಳಗೆಲ್ಲಾ ಒಣ ಉಜ್ಜಾಟ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ಪ್ರಶ್ನೆ: ವ್ಯಾಗನ್ ಆರ್ ಎಎಂಟಿ ಇದೆ. ಚಾರ್ಮಾಡಿ ಘಾಟಿಯಲ್ಲಿ ಸಾಲುಗಟ್ಟಿ ನಿಂತಾಗ ಸುಟ್ಟ ವಾಸನೆ ಬಂತು. ಆಟೋಮ್ಯಾಟಿಕ್ ಎಣ್ಣೆ ಬದಲಾಯಿಸಬೇಕೇ? (ಮೂಡಿಗೆರೆ)

ಉತ್ತರ: ನಿಮ್ಮ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ ಬಾಕ್ಸಿಗೆ ಹಾಕುವ ಆ ಕೆಂಪು ಎಣ್ಣೆಯೇ ಇಲ್ಲ! ಎಎಂಟಿ ಅಂದರೆ ಸಾದಾ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ತುಳಿಯುವ ಕಾಲಿನ ಬದಲು, ಗೇರ್ ಹಾಕುವ ಕೈಯ ಬದಲು ಆಕ್ಚುಯೇಟರ್ ಎಂಬ ಸಣ್ಣ ಯಂತ್ರ ಇದೆ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂದ ವ್ಯವಸ್ಥೆ ಇದು. ವಾಸನೆ ಕ್ಲಚ್ ಪ್ಲೇಟಿನದು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಂಡಿದ್ದೀರಿ. ಆಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತದೆ. ನಿಂತಾಗ ಬ್ರೇಕ್ ತುಳಿಯಿರಿ, ಹೊತ್ತಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಗಾಡಿ ನಾಲ್ಕು ಅಡಿ ಸರಿದರೆ ಹಿಂದೆಯೇ ತೆವಳಬೇಡಿ. ಜಾಗ ಸಿಗುವವರೆಗೆ ಕಾದು ಒಟ್ಟಿಗೆ ಹೋಗಿ. ಹಿಂದಿನವನು ಹಾರ್ನ್ ಹೊಡೆಯಲಿ ಬಿಡಿ.

ಇಳಿಯುವಾಗ ‘ಎಂ’ಗೆ (ಮ್ಯಾನುಯಲ್) ಹಾಕಿ ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಬಿಸಿಯೇರುವುದಿಲ್ಲ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗಲೇ ಇಂಧನ ಕತ್ತರಿಸುತ್ತವೆ.

ಪ್ರಶ್ನೆ: ಹೋಂಡಾ ಸಿಟಿ ಸಿವಿಟಿಗೆ ಪರಿಚಯದ ಗ್ಯಾರೇಜಿನವರು ‘ಎಲ್ಲಾ ಆಟೋಮ್ಯಾಟಿಕ್‌ಗೂ ಆಗುತ್ತೆ’ ಎಂದು ಸಾದಾ ಎಟಿಎಫ್ (ಟಾರ್ಕ್ ಕನ್ವರ್ಟರ್ ಬಾಕ್ಸಿನ ಎಣ್ಣೆ) ಹಾಕಿದ್ದಾರೆ. ಏನಾದರೂ ತೊಂದರೆಯೇ? (ದಾವಣಗೆರೆ)

ಉತ್ತರ: ಇವತ್ತೇ ಕಾರು ನಿಲ್ಲಿಸಿ. ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ, ಬಲವೆಲ್ಲಾ ಆ ಹಿಡಿತದ ಮೇಲೆ ನಿಂತಿದೆ. ಸಿವಿಟಿ ಎಣ್ಣೆ ನಯವಾಗಿಯೂ ಇರಬೇಕು, ಬೆಲ್ಟ್ ಜಾರದ ಹಾಗೂ ನೋಡಿಕೊಳ್ಳಬೇಕು. ಸಾದಾ ಎಟಿಎಫ್‌ನಲ್ಲಿ ಆ ಹಿಡಿತ ಸಿಗುವುದಿಲ್ಲ. ಬೆಲ್ಟ್ ಒಮ್ಮೆ ಜಾರಿ ಪುಲ್ಲಿ ಗೀರಿದರೆ ರಿಪೇರಿ ಅಂದರೆ ಹೆಚ್ಚುಕಡಿಮೆ ಬಾಕ್ಸೇ ಬದಲಾಯಿಸಿದಂತೆ. 2014ರಿಂದ ಈಚೆಯ ಸಿಟಿ ಆದರೆ ಹೋಂಡಾದ ಎಚ್‌ಸಿಎಫ್-2 ತರಿಸಿ. ಎಣ್ಣೆ ಇಳಿಸಿ, ತುಂಬಿ, ಚಕ್ರ ಎತ್ತಿಟ್ಟು ಎಲ್ಲಾ ಸ್ಥಾನಗಳಲ್ಲಿ ಓಡಿಸಿ, ಮತ್ತೆ ಇಳಿಸಿ. ಹಳೆಯದು ತೊಳೆದು ಹೋಗುವ ತನಕ ಹೀಗೇ ಮಾಡಬೇಕು. ಎಣ್ಣೆಯ ಖರ್ಚು ನೋಡಬೇಡಿ.

ಎಣ್ಣೆಗೆ ಬೆರೆಸುವ ಚಿಟಿಕೆ ಮದ್ದು ಎಷ್ಟು ಮುಖ್ಯ ಅನ್ನುವುದಕ್ಕೆ ಹಳೇ ಕಥೆಯೊಂದಿದೆ. ಅಮೆರಿಕದಲ್ಲಿ ಗೇರ್‌ಬಾಕ್ಸ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದಕ್ಕೆ ನಿಷೇಧ ಬಂತು. ಬದಲಿ ಸಾಮಗ್ರಿ ಸರಿಹೋಗದೆ ಎಷ್ಟೋ ಗೇರ್‌ಬಾಕ್ಸ್‌ಗಳು ಕೆಟ್ಟವು.

ಪ್ರಶ್ನೆ: ವರ್ಟಸ್ 1.5 ಟಿಎಸ್‌ಐ ಡಿಎಸ್‌ಜಿ ಕೊಂಡಿದ್ದೇನೆ. ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಬಲ ಹೆಚ್ಚಿಸುವುದು) ಮಾಡಿಸಿ, ಜೊತೆಗೆ ಗೇರ್‌ಬಾಕ್ಸ್ ಕೂಲರ್ ಹಾಕಿಸಿದರೆ ಹೇಗೆ? (ಬೆಂಗಳೂರು)

ಉತ್ತರ: ವಯಸ್ಸು ಗೊತ್ತಾಯಿತು ಬಿಡಿ. ಲೆಕ್ಕ ನೋಡಿ. ನಿಮ್ಮ ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) 250 ನ್ಯೂಟನ್ ಮೀಟರ್. ನಿಮ್ಮ ಡಿಎಸ್‌ಜಿ, ಅಂದರೆ ಏಳು ಗೇರಿನ ಡಿಸಿಟಿ ಬಾಕ್ಸ್, ತಡೆಯಲೆಂದು ಮಾಡಿರುವುದೂ 250. ಕಂಪನಿಯೇ ಅಂಚಿಗೆ ತಂದು ನಿಲ್ಲಿಸಿದೆ, ರೀಮ್ಯಾಪ್ ಆ ಅಂಚು ದಾಟಿಸುತ್ತದೆ. ಕೂಲರ್‌ನಿಂದಲೂ ಲಾಭವಿಲ್ಲ. ಇದರ ಎರಡೂ ಕ್ಲಚ್ ಒಣ ಕ್ಲಚ್. ಅವು ಎಣ್ಣೆಯಲ್ಲಿ ಮುಳುಗಿಲ್ಲ, ಎಣ್ಣೆ ತಂಪಾದರೆ ಅವಕ್ಕೇನು ಬಂತು? ಅವು ಬಿಸಿಯಾಗುವುದು ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ಇಂಚು ಇಂಚು ತೆವಳುವಾಗ. ಅಲ್ಲೂ ಮೇಲೆ ಎಎಂಟಿಗೆ ಹೇಳಿದ ಅಭ್ಯಾಸವೇ ಮದ್ದು. ವಾರಂಟಿ ಇರುವಷ್ಟು ದಿನ ಸಾಫ್ಟ್‌ವೇರ್‌ಗೆ ಕೈ ಹಚ್ಚಬೇಡಿ. ಆ ದುಡ್ಡಿನಲ್ಲಿ ಒಳ್ಳೆ ಟೈರ್ ಹಾಕಿಸಿ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ಲ್ಯಾಂಡ್ ಕ್ರೂಸರ್‌ನಲ್ಲಿ ಮರಳಿಗೆ ಹೋದಾಗ ‘ಎ/ಟಿ ಆಯಿಲ್ ಟೆಂಪ್’ ದೀಪ ಹತ್ತುತ್ತದೆ. ಹೊರಗಿನ ಕೂಲರ್ ಹಾಕಿಸಲೇ? (ಊರು ಉಡುಪಿ)

ಉತ್ತರ: ನಿಮಗೆ ಹೌದು. ಇದು ಟಾರ್ಕ್ ಕನ್ವರ್ಟರ್ ಬಾಕ್ಸ್, ಮರಳಿನಲ್ಲಿ ಕನ್ವರ್ಟರ್ ಜಾರುತ್ತಲೇ ಇರುತ್ತದೆ. ಆ ಜಾರಾಟವೆಲ್ಲಾ ಎಣ್ಣೆಯಲ್ಲಿ ಬಿಸಿಯಾಗುತ್ತದೆ. ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಟೈರಿನ ಗಾಳಿ ಇಳಿಸಿ, ಮೆತ್ತನೆ ಮರಳಿನಲ್ಲಿ ‘4ಎಲ್’ಗೆ (ನಾಲ್ಕೂ ಚಕ್ರಕ್ಕೆ ಕಡಿಮೆ ವೇಗದ ಗೇರ್) ಹಾಕಿ. ಜಾರಾಟ ಅಲ್ಲೇ ಕಡಿಮೆಯಾಗುತ್ತದೆ. ದೀಪ ಹತ್ತಿದರೆ ನಿಲ್ಲಿಸಿ ‘ಪಿ’ಗೆ ಹಾಕಿ. ಎಂಜಿನ್ ಮಾತ್ರ ಆರಿಸಬೇಡಿ, ಆರಿಸಿದರೆ ಬಿಸಿ ಎಣ್ಣೆ ಕೂಲರ್‌ಗೆ ಹೋಗದೆ ಇದ್ದಲ್ಲೇ ನಿಲ್ಲುತ್ತದೆ. ದೀಪ ಆರುವವರೆಗೆ ಐಡಲ್‌ನಲ್ಲೇ ಬಿಡಿ.

ಹೊರಗಿನ ಕೂಲರ್ ಹಾಕಿಸುವಾಗ ಕಂಪನಿಯ ಕೂಲರ್ ತೆಗೆಸಬೇಡಿ. ಅದರಿಂದ ಹೊರಬಂದ ಎಣ್ಣೆ ಹೊಸದಕ್ಕೆ ಹೋಗುವಂತೆ ಜೋಡಿಸಲಿ. ಪೈಪು ಗೇರ್‌ಬಾಕ್ಸ್ ಎಣ್ಣೆಗೆಂದೇ ಮಾಡಿದ್ದಾಗಿರಲಿ, ಸಾದಾ ರೇಡಿಯೇಟರ್ ಪೈಪು ಬೇಡ. ಜೋಡಿಸಿದ ಮೇಲೆ ಎಣ್ಣೆಯ ಲೆವೆಲ್ ಮತ್ತೆ ನೋಡಿಸಿ, ಹೊಸ ಕೂಲರ್ ಒಂದಿಷ್ಟು ಕುಡಿದಿರುತ್ತದೆ. ದೀಪ ಇಷ್ಟು ಸಲ ಹತ್ತಿದೆ ಅಂದಮೇಲೆ ಒಳಗಿನ ಎಣ್ಣೆಯನ್ನೂ ಇದೇ ಹೊತ್ತಿಗೆ ಬದಲಾಯಿಸಿಬಿಡಿ.