ಮಕ್ಕಳ ಕಾದಂಬರಿಯ ಪದಗಳು ಮಗನ ತಲೆಯಲ್ಲಿ ಉಳಿಯಬೇಕಾದರೆ ಏನು ಮಾಡಬೇಕು?

ಅಕ್ಕಾವ್ರೆ, ನೀವು ಜಮಖಂಡಿ ಹತ್ತಿರದ ಹಳ್ಳಿಯವರು, ಮಗ ಆರನೇ ತರಗತಿ ಅಂತ ಬರೆದಿದ್ದೀರಿ. ಶಾಲೆಯಲ್ಲಿ ಮಲೆನಾಡಿನ ಕಥೆ ಇರುವ ಒಂದು ಮಕ್ಕಳ ಕಾದಂಬರಿ ಓದಿಸುತ್ತಿದ್ದಾರೆ. ಪುಟಕ್ಕೆ ಹತ್ತು ಪದ ಅವನಿಗೆ ಗೊತ್ತಿರುವುದಿಲ್ಲ. ರಾತ್ರಿ ಕೂರಿಸಿ ಅರ್ಥ ಬಾಯಿಪಾಠ ಮಾಡಿಸುತ್ತೀರಿ, ನಾಲ್ಕು ದಿನಕ್ಕೆ ಎಲ್ಲ ಮರೆತಿರುತ್ತಾನೆ. ನೀವು ಓದಿದ್ದು ಏಳನೆಯವರೆಗೆ ಮಾತ್ರ, ನನ್ನಿಂದಲೇ ಅವನು ಹಿಂದೆ ಬೀಳುತ್ತಿದ್ದಾನೋ ಏನೋ ಅಂತ ಕೊನೆಗೆ ಕೇಳಿದ್ದೀರಿ.

ನಾನು ಹುನಗುಂದ ಭಾಗದಲ್ಲಿ ಕನ್ನಡ ಕಲಿಸುವವಳು. ನಿಮ್ಮಿಂದ ಅವನು ಹಿಂದೆ ಬೀಳುತ್ತಿಲ್ಲ. ಮಗ ದಡ್ಡನೂ ಅಲ್ಲ. ಆ ಅರ್ಥದ ಪಟ್ಟಿ ಇದೆಯಲ್ಲ, ಅದೇ ಕೆಲಸಕ್ಕೆ ಬಾರದ್ದು. ನಾನೂ ಮೊದಲು ಅದನ್ನೇ ಮಾಡಿಸಿದವಳು, ಹಾಗಾಗಿ ಹೇಳುತ್ತಿದ್ದೇನೆ.

ನಾವು ಓದುತ್ತಿದ್ದುದೂ ಮಲೆನಾಡಿನ ಕಥೆಯೇ. ಅದರಲ್ಲಿ ‘ಸಂಕ’ ಅನ್ನುವ ಪದ ಬಂತು. ಬೋರ್ಡಿನ ಮೇಲೆ ‘ಸಂಕ ಎಂದರೆ ಸಣ್ಣ ಸೇತುವೆ’ ಅಂತ ಬರೆದೆ. ಶನಿವಾರದ ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆದರು. ಸೋಮವಾರ ಮುಂದಿನ ಅಧ್ಯಾಯ ಓದಿದೆವು. ಜೋರು ಮಳೆಯಲ್ಲಿ ಹುಡುಗ ಸಂಕ ದಾಟಿ ಶಾಲೆಗೆ ಹೋಗುತ್ತಾನೆ, ತಾಯಿ ಇತ್ತ ದಡದಲ್ಲಿ ನಿಂತು ಅಳುತ್ತಾಳೆ. ‘ಯಾಕೆ ಅಳ್ತಾಳೆ?’ ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕಡೆಗೆ ಒಬ್ಬ ಹುಡುಗ, ‘ಗೊತ್ತಿಲ್ರೀ ಟೀಚರ್, ಸೇತುವಿ ಮ್ಯಾಲಿಂದ ಬಸ್ಸ ಸೈತ ಹೊಕ್ಕಾವಲ್ರೀ’ ಅಂದ.

ಅವನ ಮಾತಿನಲ್ಲಿ ತಪ್ಪೇನಿಲ್ಲ. ನಮ್ಮ ಮಕ್ಕಳು ಕಂಡ ಸೇತುವೆ ಕೃಷ್ಣಾ, ಮಲಪ್ರಭಾ ಹೊಳೆಗಳ ಮೇಲಿನ ಸಿಮೆಂಟಿನ ದೊಡ್ಡ ಸೇತುವೆ. ಹಳ್ಳಕ್ಕೆ ಅಡ್ಡ ಎರಡು ಮರದ ದಿಮ್ಮಿ ಹಾಕಿದ್ದು, ಮಳೆಗೆ ಪಾಚಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬಿದಿರು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ, ಕೆಳಗೆ ಕೆಂಪು ನೀರು. ಇದು ಅವರ ಕಣ್ಣ ಮುಂದೆ ಬಂದೇ ಇರಲಿಲ್ಲ. ಅರ್ಥ ಬರೆದಿದ್ದರು, ಆದರೆ ಪದ ಸಿಕ್ಕಿರಲಿಲ್ಲ. ಅವತ್ತು ಬೆಂಚಿನ ಮೇಲಿನ ಹಲಗೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಒಬ್ಬೊಬ್ಬರನ್ನೇ ದಾಟಿಸಿದೆ. ಸಂಕ ಅನ್ನುವುದನ್ನು ಆ ಮಕ್ಕಳು ಆಮೇಲೆ ಮರೆಯಲಿಲ್ಲ.

ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನುವವರು 1885ರಲ್ಲಿ ಮರೆವಿನ ಬಗ್ಗೆ ಒಂದು ಪುಸ್ತಕ ಬರೆದರು. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಅಂತ ಅಳೆದಿದ್ದರು. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಹೋಗಿಬಿಡುತ್ತಿತ್ತು. ಕಣ್ಣಿಗೆ ಏನೂ ಕಾಣಿಸದ ಪದದ ಪಟ್ಟಿ ನಿಮ್ಮ ಮಗನಿಗೆ ಹೆಚ್ಚುಕಡಿಮೆ ಅಂಥದ್ದೇ ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನಿಸುವ ಪದ ಜಾಸ್ತಿ ತೊಂದರೆ ಕೊಡುತ್ತದೆ. ನಿಮ್ಮ ಕಡೆ ತೋಟ ಅಂದರೆ ನೀರಾವರಿ ಜಮೀನು, ಕಬ್ಬು. ಆ ಪುಸ್ತಕದಲ್ಲಿ ತೋಟ ಅಂದರೆ ಅಡಿಕೆ ಮರ, ನೆರಳು, ತಂಪು. ‘ಹುಡುಗ ತೋಟದಲ್ಲಿ ಕತ್ತೆತ್ತಿ ನೋಡಿದ’ ಅಂತ ಇದ್ದರೆ ನಿಮ್ಮ ಮಗನಿಗೆ ಕಬ್ಬಿನ ಗರಿ ಕಾಣುತ್ತದೆ. ಅದರ ಅರ್ಥ ಅವನು ಕೇಳುವುದೂ ಇಲ್ಲ. ಕಡಲೆಕಾಯಿಯೂ ಹಾಗೇ. ನಮ್ಮ ಮಕ್ಕಳು ಎರಿ ಹೊಲದ ಕಡಲೆ ಗಿಡದ ಕಾಯಿ ಅಂದುಕೊಳ್ಳುತ್ತಾರೆ, ಪುಸ್ತಕದವರು ಹೇಳುತ್ತಿರುವುದು ಶೇಂಗಾ. ಆದ್ದರಿಂದ ಅವನು ಕೇಳಿದ ಪದ ಅಷ್ಟೇ ನೋಡಬೇಡಿ. ನಡುನಡುವೆ ‘ಈ ತೋಟ ಹೆಂಗದ ಹೇಳು’ ಅಂತ ಕೇಳಿ ನೋಡಿ.

ಈಗ ನೀವು ಮಾಡಬಹುದಾದ ಕೆಲಸ. ಅಧ್ಯಾಯವನ್ನು ಮೊದಲ ಸಲ ಅವನು ಜೋರಾಗಿ ಓದಲಿ, ಎಲ್ಲಿಯೂ ನಿಲ್ಲಿಸಬೇಡಿ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಮುಂದೆ ಹೋಗಲಿ. ಪ್ರತಿ ಪದಕ್ಕೂ ನಿಂತರೆ ಕಥೆ ಸಾಯುತ್ತದೆ. ಕಥೆ ಸತ್ತರೆ ಪದ ಕಲಿಯಲು ಅವನಿಗೆ ಕಾರಣವೇ ಉಳಿಯುವುದಿಲ್ಲ. ಆಮೇಲೆ ಚುಕ್ಕಿಗಳಲ್ಲಿ ನಾಲ್ಕೈದನ್ನು ಮಾತ್ರ ಆರಿಸಿಕೊಳ್ಳಿ. ಕಥೆಯಲ್ಲಿ ಮತ್ತೆ ಮತ್ತೆ ಬರುವವು, ಇಲ್ಲವೇ ಗೊತ್ತಾಗದಿದ್ದರೆ ಕಥೆಯೇ ತಪ್ಪಿಹೋಗುವಂಥವು. ಉಳಿದದ್ದನ್ನು ಬಿಟ್ಟುಬಿಡಿ. ನಿಜವಾಗಿಯೂ ಬಿಡಿ.

ಆರಿಸಿದ ಪದಕ್ಕೆ ಅವನೇ ಮೊದಲು ಊಹೆ ಮಾಡಲಿ. ಕನ್ನಡದ ಪದ ಬಿಚ್ಚಿ ನೋಡಲು ಬರುತ್ತದೆ. ‘ಹೆಮ್ಮರ’ ಗೊತ್ತಿಲ್ಲ ಅಂದರೆ, ಹೆದ್ದಾರಿ ಗೊತ್ತಾ? ಹೆಬ್ಬೆರಳು? ಹೆಬ್ಬಾವು? ಎಲ್ಲ ದೊಡ್ಡವು. ಹಾಗಾದರೆ ಹೆಮ್ಮರ? ತಾನೇ ಹೇಳುತ್ತಾನೆ. ‘ಮಿಂದು ಬಂದ’ ಅಂತ ಇದ್ದರೆ ನಿಘಂಟಿನಲ್ಲಿ ‘ಮಿಂದು’ ಅಂತ ಹುಡುಕಿದರೆ ಸಿಗುವುದು ಕಷ್ಟ. ಬೇಯುವುದು ಬೆಂದು ಆಗುತ್ತದೆ, ನೋಯುವುದು ನೊಂದು ಆಗುತ್ತದೆ, ಹಾಗೆಯೇ ಮೀಯುವುದು ಮಿಂದು. ಮೀಯುವುದು ಅಂದರೆ ನಮ್ಮ ಜಳಕ. ಈ ಒಂದು ದಾರಿ ಗೊತ್ತಾದರೆ ಅವನು ನಿಘಂಟು ಎಸೆಯುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಕನ್ನಡ ಸಾಹಿತ್ಯ ಪರಿಷತ್ತಿನ ರತ್ನಕೋಶ ಸಾಕು. ಪರಿಷತ್ತಿನದೇ 8 ಸಂಪುಟಗಳ ದೊಡ್ಡ ನಿಘಂಟು ಈಗ ಅವನಿಗೆ ಬೇಡ.

ನಂತರ ಒಂದು ವಹಿ ಮಾಡಿಸಿ. ಎಡಕ್ಕೆ ಪುಸ್ತಕದ ಮಾತು, ಬಲಕ್ಕೆ ಮನೆಯ ಮಾತು. ಬಣವೆ – ಬಣಮಿ. ಪೊರಕೆ – ಕಸಬರಿಗಿ. ಅಜ್ಜ – ಮುತ್ಯಾ. ಉಂಬಳಕ್ಕೆ ನಮ್ಮಲ್ಲಿ ಪದವಿಲ್ಲ, ಏಕೆಂದರೆ ಉಂಬಳವೇ ಇಲ್ಲ. ಅಲ್ಲಿ ಜಿಗಣೆ ಅಂತ ಬರೆದು, ‘ಇದು ನೀರಾಗ ಇರೂದಿಲ್ಲ, ಹಸಿ ಎಲಿ ಮ್ಯಾಲಿಂದ ಕಾಲಿಗೆ ಏರ್ತದ’ ಅಂತ ಪಕ್ಕದಲ್ಲಿ ಸೇರಿಸಲಿ. ನನ್ನ ತರಗತಿಯ ಒಬ್ಬಳು ಬಲಗಡೆ ‘ಹಗೇವು’ ಅಂತ ಬರೆದು, ಇದಕ್ಕೆ ಪುಸ್ತಕದ ಮಾತು ಯಾವುದು ಅಂತ ಕೇಳಿದಳು. ಹಗೇವು ನಿಘಂಟಿನಲ್ಲೇ ಇದೆ, ಕಾಳು ತುಂಬಿಡುವ ನೆಲದೊಳಗಿನ ಗುಂಡಿ ಅಂತ ತೋರಿಸಿದೆ. ತನ್ನ ಮನೆಯ ಮಾತು ಅಚ್ಚಿನಲ್ಲಿ ಕಂಡಾಗ ಅವಳ ಮುಖ ಹೇಗಾಯಿತು ಅಂತ ನೀವು ನೋಡಬೇಕಿತ್ತು. ಮನೆಯ ಮಾತನ್ನು ತಪ್ಪು ಅಂತ ಯಾರೂ ತಿದ್ದಬಾರದು. ಹೊಸ ಪದ ಬಂದು ನಿಲ್ಲುವುದು ಆ ಪದದ ಪಕ್ಕದಲ್ಲೇ.

ಒಮ್ಮೆ ‘ಆ ಊರಿನ ಬದುಕಿನಲ್ಲಿ ಕಾಡು ಹಾಸುಹೊಕ್ಕಾಗಿತ್ತು’ ಅನ್ನುವ ಸಾಲು ಬಂತು. ನಾನು ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. ಅವರ ಮನೆಯಲ್ಲಿ ಇಳಕಲ್ ಸೀರೆ ನೇಯುತ್ತಾರೆ. ‘ಹಾಸು ಉದ್ದಕ ಇರ್ತದ್ರೀ, ಹೊಕ್ಕು ಅಡ್ಡ. ಒಂದ ತಗದ್ರ ಸೀರಿನ ಆಗೂದಿಲ್ರೀ.’ ಇಷ್ಟು ಚೆನ್ನಾಗಿ ನಾನು ಹೇಳುತ್ತಿರಲಿಲ್ಲ. ಕಾಡನ್ನು ತೆಗೆದರೆ ಆ ಊರೇ ಇಲ್ಲ ಅನ್ನುವುದು ಎಲ್ಲರಿಗೂ ಒಂದೇ ಏಟಿಗೆ ಹೊಳೆಯಿತು.

ಅದಕ್ಕೇ ಅಕ್ಕಾವ್ರೆ, ಏಳನೆಯವರೆಗೆ ಓದಿದ್ದು ಅಂತ ಹಿಂಜರಿಯಬೇಡಿ. ಹೊಲ, ಅಡಿಗೆ, ದನಕರು, ಹಬ್ಬ, ಇವುಗಳ ಎಷ್ಟೋ ಪದ ನನಗಿಂತ ನಿಮಗೆ ಜಾಸ್ತಿ ಗೊತ್ತು. ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಒಳ್ಳೆಯದು.

ಪುಟಕ್ಕೆ ಹತ್ತು ಪದದ ಬಗ್ಗೆ. ಇಂಗ್ಲಿಷ್ ಕಲಿಯುವವರ ಮೇಲೆ ಮಾಡಿ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಯಾರ ಸಹಾಯವಿಲ್ಲದೆ ಕಥೆ ಓದಿ ಸರಿಯಾಗಿ ತಿಳಿಯಬೇಕಾದರೆ 100ರಲ್ಲಿ ಸುಮಾರು 98 ಪದ ಗೊತ್ತಿರಬೇಕು. ಕನ್ನಡದಲ್ಲಿ ಒಂದೇ ಪದಕ್ಕೆ ಪ್ರತ್ಯಯಗಳು ಅಂಟಿಕೊಳ್ಳುವುದರಿಂದ ಇದನ್ನು ಹಾಗೇ ತರಲು ಆಗುವುದಿಲ್ಲ. ಆದರೂ 200 ಪದದ ಪುಟದಲ್ಲಿ ಹತ್ತು ಗೊತ್ತಿಲ್ಲ ಅಂದರೆ ಈ ಪುಸ್ತಕ ಅವನು ಒಬ್ಬನೇ ಓದುವಂಥದ್ದಲ್ಲ, ಪಕ್ಕದಲ್ಲಿ ಯಾರಾದರೂ ಕೂರಬೇಕು. ಒಬ್ಬನೇ ಓದಲು ಸುಲಭದ ಕಥೆಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ತಂದುಕೊಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಇವರ ಮಕ್ಕಳ ಪದ್ಯ ಇದ್ದರೆ ಕೇಳಿ. ವಿಜಯಪುರದ ಕಡೆಯವರು ಬರೆದದ್ದು ಅಂತ ಮಗನಿಗೂ ಹೇಳಿ.

ಒಂದು ಪದ ಒಂದೇ ಸಲಕ್ಕೆ ಕೂರುವುದಿಲ್ಲ. ಮರುದಿನ ರೊಟ್ಟಿ ಬಡಿಯುವಾಗ ಸುಮ್ನೆ ಒಮ್ಮೆ ‘ಮಿಂದು ಬಂದ್ಯಾ?’ ಅನ್ನಿ. ಅವನು ನಗುತ್ತಾನೆ, ನಗಲಿ. ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಪರೀಕ್ಷೆಯಲ್ಲಿ ಎಡಗಡೆಯ ಮಾತು ಬರೆಯಬೇಕು, ಅದನ್ನು ಅವನಿಗೆ ಮೊದಲೇ ಹೇಳಿಡಿ. ನಿಮಗೂ ಗೊತ್ತಿಲ್ಲದ ಪದ ಬಂದರೆ ‘ನನಗೂ ಗೊತ್ತಿಲ್ಲಪ್ಪ, ನೋಡೂಣು ಬಾ’ ಅನ್ನಿ. ಇಬ್ಬರಿಗೂ ಸಿಗದಿದ್ದರೆ ವಹಿಯಲ್ಲಿ ಆ ಜಾಗ ಖಾಲಿ ಬಿಟ್ಟು ಅವರ ಶಿಕ್ಷಕರ ಹತ್ತಿರ ಕಳಿಸಿ.